ಬಹುವರ್ಗಗಳ ವಿಂಗಡಣೆಯೂ ಬಾದಾಮಿ ಸೀಮೆಯ ದೇವಾಲಯಗಳೂ

ಕಂಡ ವಸ್ತುವನ್ನು ಯಾವುದಾದರೊಂದು ವರ್ಗಕ್ಕೆ ಸೇರಿಸಿ ಅದಕ್ಕೊಂದು ಹೆಸರಿಡುವುದು ಮನುಷ್ಯಬುದ್ಧಿಯ ಮೊದಲ ವ್ಯಾಪಾರಗಳಲ್ಲೊಂದು. ವರ್ಗಗಳು ಎರಡೇ ಆಗಿದ್ದರೆ ಕೆಲಸವು ಸುಲಭವಾದುದು; ಹೌದು ಅಥವಾ ಅಲ್ಲ ಎಂಬ ಒಂದು ಉತ್ತರದಿಂದ ಅದು ತೀರುತ್ತದೆ. ವರ್ಗಗಳು ಮೂರೋ ನಾಲ್ಕೋ ಆದೊಡನೆ ತೊಡಕು ತಲೆದೋರುತ್ತದೆ. ಯಾವ ಲಕ್ಷಣವನ್ನು ಮೊದಲು ನೋಡಬೇಕು, ಯಾವುದಕ್ಕೆ ಎಷ್ಟು ಬೆಲೆ ಕೊಡಬೇಕು, ಒಂದೇ ವಸ್ತುವಿನಲ್ಲಿ ಎರಡು ವರ್ಗಗಳ ಲಕ್ಷಣಗಳು ಕೂಡಿದ್ದರೆ ಏನು ಮಾಡಬೇಕು, ಯಾವ ವರ್ಗಕ್ಕೂ ಸೇರದ ವಸ್ತು ಬಂದರೆ ಅದನ್ನು ಎಲ್ಲಿಡಬೇಕು ಎಂಬ ಪ್ರಶ್ನೆಗಳು ಒಂದರ ಬೆನ್ನಿಗೊಂದು ಏಳುತ್ತವೆ. ಯಂತ್ರಗಳಿಗೆ ವಿವೇಚನೆಯನ್ನು ಕಲಿಸುವ ಇಂದಿನ ಗಣಿತದಲ್ಲಿಯೂ ಜೀವಶಾಸ್ತ್ರದಲ್ಲಿಯೂ ಇದಕ್ಕೆ ಬಹುವರ್ಗ ವಿಂಗಡಣೆಯ ಸಮಸ್ಯೆಯೆಂದು ಹೆಸರು. ಆದರೆ ಸಮಸ್ಯೆಯು ಇಂದಿನದಲ್ಲ. ಮಲಪ್ರಭೆಯ ದಂಡೆಯ ಮೇಲೆ ಅದು ಸಾವಿರದ ಮುನ್ನೂರು ವರ್ಷಗಳಿಂದ ಕಲ್ಲಿನ ರೂಪದಲ್ಲಿ ನಿಂತಿದೆ.

ಬಾಗಲಕೋಟೆಯಿಂದ ಬಾದಾಮಿಗೂ, ಅಲ್ಲಿಂದ ಪೂರ್ವಕ್ಕೆ ಹುನಗುಂದ ಇಳಕಲ್ಲುಗಳಿಗೂ ಹೋಗುವವನ ಕಾಲಡಿಯ ಕಲ್ಲೇ ವಿಂಗಡಣೆಯ ಮೊದಲ ಪಾಠವನ್ನು ಹೇಳುತ್ತದೆ. ೧೮೭೬ರಲ್ಲಿ ಈ ಸೀಮೆಯ ಭೂರಚನೆಯ ವೃತ್ತಾಂತವನ್ನು ಪ್ರಕಟಿಸಿದ ರಾಬರ್ಟ್ ಬ್ರೂಸ್ ಫೂಟ್ ಅವರು ಇಲ್ಲಿನ ಪದರುಗಲ್ಲುಗಳನ್ನು ಕಲಾದಗಿಯ ಹೆಸರಿನಿಂದ ಕರೆದರು. ಇಂದಿನ ಭೂಶಾಸ್ತ್ರಜ್ಞರು ಅವನ್ನು ಎರಡಾಗಿ ವಿಂಗಡಿಸಿ, ಕೆಳಗಿನ ಹಳೆಯ ಪದರುಗಳಿಗೆ ಬಾಗಲಕೋಟೆ ಸಮೂಹವೆಂದೂ ಮೇಲಿನ ಕಿರಿಯ ಪದರುಗಳಿಗೆ ಬಾದಾಮಿ ಸಮೂಹವೆಂದೂ ಹೆಸರಿಟ್ಟಿದ್ದಾರೆ. ಇಳಕಲ್ಲಿನ ಕೆಂಪು ಗ್ರಾನೈಟು ಇವೆರಡಕ್ಕಿಂತಲೂ ಪ್ರಾಚೀನವಾದುದು. ವರ್ಗಗಳು ಮೂರಾದರೂ ಇಲ್ಲಿ ಗೊಂದಲವು ಕಡಿಮೆ. ಕೆಳಗಿನ ಪದರುಗಳು ಬಾಗಿ ಮಡಿಚಿಕೊಂಡಿವೆ, ಮೇಲಿನವು ಬಹುಮಟ್ಟಿಗೆ ಮಟ್ಟಸವಾಗಿವೆ, ಗ್ರಾನೈಟಿಗೆ ಪದರುಗಳೇ ಇಲ್ಲ. ಆದರೆ ಅದೇ ಬಾದಾಮಿಯ ಮರಳುಗಲ್ಲಿಗೆ ಚಾಲುಕ್ಯರ ಕಾಲದ ಶಿಲ್ಪಿಯು ಉಳಿಯನ್ನು ತಾಗಿಸಿದ ಮೇಲೆ ವಿಂಗಡಣೆಯು ಇಷ್ಟು ಸರಳವಾಗಿ ಉಳಿಯಲಿಲ್ಲ.

ಬಾದಾಮಿಯ ಮೂರನೆಯ ಗುಹಾಲಯದಲ್ಲಿ ಮಂಗಳೇಶನ ಶಕವರ್ಷ ೫೦೦ರ, ಎಂದರೆ ಕ್ರಿ. ಶ. ೫೭೮ರ ಶಾಸನವಿದೆ. ಹುನಗುಂದ ತಾಲೂಕಿನ ಐಹೊಳೆಯ ಮೇಗುತಿ ಜಿನಾಲಯದಲ್ಲಿ ರವಿಕೀರ್ತಿಯ ಶಕವರ್ಷ ೫೫೬ರ ಪ್ರಶಸ್ತಿಯಿದೆ. ಎಂಟನೆಯ ಶತಮಾನದ ಮೊದಲರ್ಧದಲ್ಲಿ ಬಾದಾಮಿ ತಾಲೂಕಿನ ಪಟ್ಟದಕಲ್ಲಿನಲ್ಲಿ ವಿಜಯಾದಿತ್ಯನು ಸಂಗಮೇಶ್ವರವನ್ನೂ, ಎರಡನೆಯ ವಿಕ್ರಮಾದಿತ್ಯನ ರಾಣಿಯರಾದ ಲೋಕಮಹಾದೇವಿ ತ್ರೈಲೋಕ್ಯಮಹಾದೇವಿಯರು ವಿರೂಪಾಕ್ಷ ಮಲ್ಲಿಕಾರ್ಜುನಗಳನ್ನೂ ಕಟ್ಟಿಸಿದರು. ಇವು ಅಂತಸ್ತಿನ ಮೇಲೆ ಅಂತಸ್ತಾಗಿ ಏರುವ ದಕ್ಷಿಣದ ವಿಮಾನಗಳು. ಇವುಗಳಿಗೆ ಕೂಗಳತೆಯಲ್ಲಿಯೇ ಗಳಗನಾಥ, ಕಾಶೀವಿಶ್ವನಾಥ, ಜಂಬುಲಿಂಗ ಮೊದಲಾದ ಗುಡಿಗಳು ಉತ್ತರದ ರೀತಿಯ ಬಾಗಿದ ರೇಖಾಶಿಖರಗಳನ್ನು ಹೊತ್ತು ನಿಂತಿವೆ. ಮಹಾಕೂಟದಲ್ಲಿ ಎರಡು ಬಗೆಯ ಗುಡಿಗಳೂ ಒಂದೇ ಪುಷ್ಕರಿಣಿಯ ಸುತ್ತ ನೆರೆದಿವೆ. ಬಾದಾಮಿಯ ಕೆರೆಯ ದಂಡೆಯ ಮಲ್ಲಿಕಾರ್ಜುನ ಗುಂಪಿನ ಗುಡಿಗಳ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಮೂರನೆಯ ಬಗೆಯ ಶಿಖರವುಂಟು. ಒಂದು ದಿನದ ದಾರಿಯೊಳಗೆ ಇಷ್ಟು ಬಗೆಗಳು ಕೂಡಿರುವುದರಿಂದಲೇ ದೇವಾಲಯಗಳ ವಿಂಗಡಣೆಗೆ ಹೊರಟ ಪ್ರತಿಯೊಬ್ಬ ವಿದ್ವಾಂಸನೂ ಈ ಸೀಮೆಗೆ ಬಂದು ತನ್ನ ಸೂತ್ರವನ್ನು ಒರೆಗೆ ಹಚ್ಚಬೇಕಾಯಿತು.

ಶಿಲ್ಪಶಾಸ್ತ್ರಗಳು ನಾಗರ, ದ್ರಾವಿಡ, ವೇಸರವೆಂದು ಮೂರು ವರ್ಗಗಳನ್ನು ಹೇಳುತ್ತವೆ. ಆದರೆ ಅವುಗಳ ಲಕ್ಷಣವನ್ನು ಹೇಳುವಾಗ ಗ್ರಂಥಗಳೊಳಗೆ ಒಮ್ಮತವಿಲ್ಲ. ಮಯಮತದಂಥ ದಕ್ಷಿಣದ ಗ್ರಂಥಗಳು ಆಕಾರವನ್ನೇ ಹಿಡಿದು, ಚೌಕವಾದುದು ನಾಗರ, ಎಂಟು ಮೂಲೆಯದು ದ್ರಾವಿಡ, ದುಂಡನೆಯದು ವೇಸರ ಎನ್ನುತ್ತವೆ. ಈ ಸೂತ್ರವನ್ನು ವಿಮಾನದ ತುದಿಯ ಶಿಖರಕ್ಕೆ ಹಚ್ಚಿದರೆ, ಚೌಕ ಶಿಖರದ ವಿರೂಪಾಕ್ಷವು ನಾಗರವಾಗುತ್ತದೆ. ಅದರ ಮಗ್ಗುಲಲ್ಲಿಯೇ ಅದರ ತಂಗಿಯಂತಿರುವ ಮಲ್ಲಿಕಾರ್ಜುನವು ದುಂಡು ಶಿಖರದ ಕಾರಣ ವೇಸರವಾಗುತ್ತದೆ. ಎಂಟು ಮೂಲೆಯ ಶಿಖರವುಳ್ಳ ಬಾದಾಮಿಯ ಮಾಲೆಗಿತ್ತಿ ಶಿವಾಲಯವೊಂದೇ ದ್ರಾವಿಡವಾಗಿ ಉಳಿಯುತ್ತದೆ. ಒಂದೇ ಕುಲದ ಮೂರು ಗುಡಿಗಳು ಮೂರು ಪಾಲಾದಂತಾಯಿತು. ಮತ್ತೆ ಕೆಲವು ಗ್ರಂಥಗಳು ದೇಶವನ್ನು ಹಿಡಿದು, ಹಿಮಾಲಯದಿಂದ ವಿಂಧ್ಯದವರೆಗೆ ನಾಗರ, ವಿಂಧ್ಯದಿಂದ ಕೃಷ್ಣೆಯವರೆಗೆ ವೇಸರ, ಕೃಷ್ಣೆಯಿಂದ ಕನ್ಯಾಕುಮಾರಿಯವರೆಗೆ ದ್ರಾವಿಡವೆಂದು ಗಡಿಗಳನ್ನು ಹಾಕುತ್ತವೆ. ಬಾದಾಮಿ ಪಟ್ಟದಕಲ್ಲುಗಳು ಕೃಷ್ಣೆಯ ದಕ್ಷಿಣಕ್ಕಿರುವುದರಿಂದ ಈ ಸೂತ್ರದಂತೆ ಗಳಗನಾಥದ ರೇಖಾಶಿಖರವೂ ದ್ರಾವಿಡವೇ ಆಗಬೇಕು! ಮೊದಲನೆಯ ಸೂತ್ರವು ಒಂದನ್ನು ಮೂರು ಮಾಡಿತು. ಎರಡನೆಯದು ಎಲ್ಲವನ್ನೂ ಒಂದು ಮಾಡಿತು. ಎರಡರಲ್ಲಿಯೂ ದೋಷವೊಂದೇ, ಹಲವು ಲಕ್ಷಣಗಳುಳ್ಳ ವಸ್ತುವನ್ನು ಒಂದೇ ಲಕ್ಷಣದಿಂದ ಅಳೆದುದು.

ಕಟ್ಟಿದವರ ದೃಷ್ಟಿಯು ಹೇಗಿತ್ತೆಂಬುದಕ್ಕೆ ಶಾಸನಗಳೇ ಸಾಕ್ಷಿ. ವಿರೂಪಾಕ್ಷದ ಶಾಸನಗಳಲ್ಲಿ ಗುಂಡ ಅನಿವಾರಿತಾಚಾರಿಯ ಹೆಸರೂ, ತೆಂಕಣ ದಿಕ್ಕಿನ ಸೂತ್ರಧಾರಿಯೆನಿಸಿದ ಸರ್ವಸಿದ್ಧಿ ಆಚಾರಿಯ ಹೆಸರೂ ಇವೆ. ಬಳ್ಳಾರಿ ಸೀಮೆಯ ಹಡಗಲಿ ತಾಲೂಕಿನ ಹೊಳಲಿನಲ್ಲಿ ಅಮೃತೇಶ್ವರ ದೇವಾಲಯದ ಕಂಬವೊಂದರ ಬೋದಿಗೆಯ ಮೇಲೆ, ಸೋಗೆಯ ಪದೋಜನ ಶಿಷ್ಯನಾದ ಬಮ್ಮೋಜನೆಂಬ ಶಿಲ್ಪಿಯ ಬಿರುದುಗಳು ಕೆತ್ತಲ್ಪಟ್ಟಿವೆ. ಅವನು ನಾಗರ, ಕಾಳಿಂಗ, ದ್ರಾವಿಡ, ವೇಸರವೆಂಬ ನಾಲ್ಕು ಬಗೆಯ ಕಟ್ಟಡಗಳಲ್ಲಿಯೂ ನಿಪುಣನೆಂದು ಅಲ್ಲಿ ಹೇಳಿದೆ. ಶಾಸ್ತ್ರದಲ್ಲಿ ಮೂರಾಗಿದ್ದ ವರ್ಗಗಳು ಕುಶಲಿಯ ಕೈಯಲ್ಲಿ ನಾಲ್ಕಾದುವು. ಶಾಸ್ತ್ರಕಾರನಿಗೆ ವರ್ಗಗಳು ಬೇಲಿಗಳು. ಶಿಲ್ಪಿಗೆ ಅವು ಕೈಗೆ ಒಗ್ಗಿದ ವಿದ್ಯೆಗಳು. ನಾಲ್ಕನ್ನೂ ಬಲ್ಲವನು ಒಂದನ್ನೊಂದರೊಡನೆ ಬೆಸೆಯಲೂ ಬಲ್ಲನು. ವೇಸರವೆಂಬ ಸಂಸ್ಕೃತ ಶಬ್ದಕ್ಕೆ ಹೇಸರಗತ್ತೆಯೆಂಬ ಅರ್ಥವೂ ಇರುವುದನ್ನು ನೆನೆದರೆ, ಬೆರಕೆಗೂ ಒಂದು ವರ್ಗದ ಹೆಸರನ್ನು ಕೊಡುವ ರೂಢಿಯು ಎಷ್ಟು ಹಳೆಯದೆಂಬುದು ತಿಳಿಯುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಇದೇ ಪ್ರಶ್ನೆಯು ಪಾಶ್ಚಾತ್ಯ ವಿದ್ವಾಂಸರ ಕೈಗೆ ಬಂದಿತು. ಜೇಮ್ಸ್ ಬರ್ಜೆಸ್ ಅವರು ೧೮೭೪ರಲ್ಲಿ ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳ ಪ್ರಾಚೀನ ಅವಶೇಷಗಳನ್ನು ಪರಿಶೀಲಿಸಿ ವರದಿಯನ್ನು ಪ್ರಕಟಿಸಿದರು. ೧೮೭೬ರಲ್ಲಿ ಜೇಮ್ಸ್ ಫರ್ಗುಸನ್ ಅವರು ತಮ್ಮ ವಾಸ್ತುಚರಿತ್ರೆಯಲ್ಲಿ ಹಿಂದೂ ದೇವಾಲಯಗಳನ್ನು ಇಂಡೋ ಆರ್ಯ, ದ್ರಾವಿಡ, ಚಾಲುಕ್ಯವೆಂದು ಮೂರಾಗಿ ವಿಂಗಡಿಸಿದರು. ಇಲ್ಲಿ ಒಂದು ವಿಚಿತ್ರವುಂಟು. ಅವರ ಚಾಲುಕ್ಯ ವರ್ಗಕ್ಕೆ ಮುಖ್ಯ ಮಾದರಿಗಳಾದುವು ಹಳೇಬೀಡು ಮೊದಲಾದ ಕಡೆಗಳ ಬಹುಕಾಲಾನಂತರದ ಗುಡಿಗಳು. ಚಾಲುಕ್ಯರು ತಮ್ಮ ರಾಜಧಾನಿಯ ಸೀಮೆಯಲ್ಲಿಯೇ ಕಟ್ಟಿಸಿದ ಪಟ್ಟದಕಲ್ಲಿನ ಗುಡಿಗಳು ಉಳಿದೆರಡು ವರ್ಗಗಳಿಗೆ ಹಂಚಿಹೋದುವು. ೧೯೨೬ರಲ್ಲಿ ಹೆನ್ರಿ ಕಸಿನ್ಸ್ ಅವರು ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುವನ್ನು ಕುರಿತ ಗ್ರಂಥದಲ್ಲಿ ಇವೆಲ್ಲವನ್ನೂ ಒಂದೆಡೆಗೆ ತಂದರು. ವರ್ಗದ ಹೆಸರು ಒಂದೇ ಆದರೂ ಅದರೊಳಗಿನ ವಸ್ತುಗಳು ಬೇರೆಯಾದುವು.

ಈ ತಪ್ಪು ಹೆಸರುಗಳ ಮಾತಾಗಿ ಮಾತ್ರ ಉಳಿದಿದ್ದರೆ ಚಿಂತೆಯಿರಲಿಲ್ಲ. ಐಹೊಳೆಯ ಲಾಡಖಾನ ಗುಡಿಯ ಉದಾಹರಣೆಯನ್ನು ನೋಡಬಹುದು. ಅದರ ಮಾಡು ಬಹುಮಟ್ಟಿಗೆ ಚಪ್ಪಟೆ, ಕಂಬಗಳು ದಪ್ಪ, ರೂಪವು ಮಂಟಪದಂತೆ. ಈ ಲಕ್ಷಣಗಳಿಂದ ಕಸಿನ್ಸ್ ಅವರು ಅದನ್ನು ಅತಿಪ್ರಾಚೀನ ವರ್ಗಕ್ಕೆ ಸೇರಿಸಿ, ಅದು ಕ್ರಿ. ಶ. ೪೫೦ರ ಸುಮಾರಿನದೆಂದರು. ಅದರಿಂದ ದಕ್ಷಿಣದ ದೇವಾಲಯಗಳ ಇತಿಹಾಸವೇ ಆ ಗುಡಿಯಿಂದ ಮೊದಲಾಗುವಂತೆ ಬಹುಕಾಲ ಬರೆಯಲ್ಪಟ್ಟಿತು. ಅನಂತರದ ವಿದ್ವಾಂಸರು ಶಿಲ್ಪ, ಕಂಬ, ಅಲಂಕಾರ, ಲಿಪಿಗಳೆಲ್ಲವನ್ನೂ ಕೂಡಿಸಿ ನೋಡಿ ಅದನ್ನು ಏಳನೆಯ ಎಂಟನೆಯ ಶತಮಾನಗಳ ಕಡೆಗೆ ಇಳಿಸಿದ್ದಾರೆ. ಸರಳವಾದುದೆಲ್ಲ ಹಳೆಯದೆಂಬ ಒಂದು ಸೂತ್ರವು ಎರಡು ಶತಮಾನಗಳಿಗೂ ಮಿಕ್ಕಿದ ಭ್ರಮೆಯನ್ನು ಹುಟ್ಟಿಸಿತ್ತು. ವಿಂಗಡಣೆಯಲ್ಲಿ ಆದ ದೋಷವು ಇತಿಹಾಸದಲ್ಲಿ ದೋಷವಾಗುವ ಬಗೆಯು ಹೀಗೆ.

ಜೀವಶಾಸ್ತ್ರವು ಇದೇ ಹಾದಿಯನ್ನು ನಡೆದು ಬಂದಿದೆ. ಸ್ವೀಡನ್ನಿನ ಲಿನ್ನೇಯಸನು ಹದಿನೆಂಟನೆಯ ಶತಮಾನದಲ್ಲಿ ಸಸ್ಯಗಳನ್ನು ಮುಖ್ಯವಾಗಿ ಅವುಗಳ ಕೇಸರಗಳ ಸಂಖ್ಯೆ ಮತ್ತು ಜೋಡಣೆಗಳಿಂದ ೨೪ ವರ್ಗಗಳಿಗೆ ಹಂಚಿದನು. ಎಣಿಸಬಲ್ಲವನೆಲ್ಲ ಬಳಸಬಹುದಾದುದರಿಂದ ಆ ಪದ್ಧತಿಯು ಬೇಗನೆ ಹಬ್ಬಿತು; ಆದರೆ ಹತ್ತಿರದ ಬಂಧುಗಳನ್ನು ಅಗಲಿಸಿ ದೂರದವನ್ನು ಒಟ್ಟಿಗೆ ಕೂಡಿಸಿತು. ೧೭೬೩ರಲ್ಲಿ ಫ್ರಾನ್ಸಿನ ಅಡಾನ್ಸನನು ಒಂದೇ ಅಂಗವನ್ನು ನಂಬದೆ ಸಾಧ್ಯವಾದಷ್ಟು ಲಕ್ಷಣಗಳನ್ನೆಲ್ಲ ನೋಡಬೇಕೆಂದು ವಾದಿಸಿದನು. ಅವನ ಮಾತು ಸರಿಯಾದುದೇ. ಆದರೆ ಹತ್ತಾರು ಲಕ್ಷಣಗಳನ್ನು ಒಟ್ಟಿಗೆ ತೂಗುವ ತಕ್ಕಡಿಯು ಆಗ ಇರಲಿಲ್ಲ.

ಆ ತಕ್ಕಡಿಯು ೧೯೩೬ರಲ್ಲಿ ದೊರೆಯಿತು. ಇಂಗ್ಲೆಂಡಿನ ರೊನಾಲ್ಡ್ ಫಿಶರ್ ಅವರು ಐರಿಸ್ ಎಂಬ ಹೂವಿನ ಮೂರು ಜಾತಿಗಳಿಂದ ಐವತ್ತೈವತ್ತರಂತೆ ೧೫೦ ಹೂಗಳ ನಾಲ್ಕು ಅಳತೆಗಳನ್ನು ತೆಗೆದುಕೊಂಡು, ಜಾತಿಗಳು ಒಂದರಿಂದೊಂದು ಅತ್ಯಂತ ದೂರವಾಗಿ ಕಾಣುವಂತೆ ಅಳತೆಗಳನ್ನು ಕೂಡಿಸುವ ಕ್ರಮವನ್ನು ತೋರಿಸಿದರು. ಅಳತೆಗಳನ್ನು ಎಡ್ಗರ್ ಆಂಡರ್ಸನ್ ಅವರು ಸಂಗ್ರಹಿಸಿದ್ದರು. ಸೆಟೋಸಾ ಎಂಬ ಜಾತಿಯು ಸ್ವಚ್ಛವಾಗಿ ಬೇರ್ಪಟ್ಟಿತು. ವರ್ಸಿಕಲರ್ ವರ್ಜಿನಿಕಾಗಳು ಅಂಚಿನಲ್ಲಿ ಬೆರೆತುಕೊಂಡವು. ನಡುವಿನ ವರ್ಸಿಕಲರ್ ಉಳಿದೆರಡರ ಸಂಕರವೆಂಬ ಊಹೆಯನ್ನೂ ಫಿಶರ್ ಅವರು ಅಲ್ಲಿಯೇ ಪರೀಕ್ಷಿಸಿದರು. ವೇಸರದ ಪ್ರಶ್ನೆಯೇ ಹೂವಿನಲ್ಲಿ ಮರುಕಳಿಸಿದಂತಾಯಿತು. ಅದೇ ವರ್ಷ ಕಲಕತ್ತೆಯ ಪ್ರಶಾಂತಚಂದ್ರ ಮಹಲನೋಬಿಸ್ ಅವರು, ಒಂದರೊಡನೊಂದು ಹೆಣೆದುಕೊಂಡ ಹಲವು ಅಳತೆಗಳನ್ನು ಲೆಕ್ಕಕ್ಕೆ ಹಿಡಿದು ಎರಡು ಗುಂಪುಗಳ ನಡುವಿನ ಅಂತರವನ್ನು ಹೇಳುವ ಸೂತ್ರವನ್ನು ಪ್ರಕಟಿಸಿದರು.

ಇವೆರಡನ್ನೂ ಕೂಡಿಸಿ ಹಲವು ವರ್ಗಗಳ ಪ್ರಶ್ನೆಯನ್ನು ನೇರವಾಗಿ ಎದುರಿಸಿದ ಕೀರ್ತಿಯು ಕಲ್ಯಂಪುಡಿ ರಾಧಾಕೃಷ್ಣ ರಾವ್ ಅವರಿಗೆ ಸಲ್ಲುತ್ತದೆ. ಅವರು ೧೯೨೦ರ ಸೆಪ್ಟೆಂಬರ ೧೦ರಂದು ತೆಲುಗು ಮಾತಾಡುವ ಮನೆತನದಲ್ಲಿ ಜನಿಸಿದರು. ಜನ್ಮಸ್ಥಳವು ಹಡಗಲಿ; ಬಮ್ಮೋಜನು ನಾಲ್ಕು ಬಗೆಗಳಲ್ಲಿ ನಿಪುಣನೆನಿಸಿಕೊಂಡ ಹೊಳಲು ಇರುವುದೂ ಅದೇ ತಾಲೂಕಿನಲ್ಲಿ. ಇದು ಕಾಕತಾಳೀಯವೇ ಸರಿ, ಆದರೂ ಸ್ಮರಣೀಯವಾದುದು. ರಾವ್ ಅವರು ೧೯೪೬ರಲ್ಲಿ ಕೇಂಬ್ರಿಜ್ಜಿಗೆ ಹೋಗಿ, ಸೂಡಾನಿನ ಜೆಬೆಲ್ ಮೋಯಾದಲ್ಲಿ ಅಗೆದು ತೆಗೆದ ಪ್ರಾಚೀನ ಅಸ್ಥಿಗಳ ಅಳತೆಗಳ ಮೇಲೆ ಕೆಲಸ ಮಾಡುತ್ತ ಫಿಶರ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆಯನ್ನು ನಡೆಸಿದರು. ಜೀವಶಾಸ್ತ್ರದ ವಿಂಗಡಣೆಗೆ ಹಲವು ಅಳತೆಗಳನ್ನು ಬಳಸುವುದನ್ನು ಕುರಿತ ಅವರ ಪ್ರಬಂಧವು ೧೯೪೮ರಲ್ಲಿ ಪ್ರಕಟವಾಯಿತು. ಪ್ರತಿಯೊಂದು ವರ್ಗಕ್ಕೂ ಬೇರೆ ಬೇರೆ ಅಂಕವನ್ನು ಎಣಿಸಿ, ಯಾವುದರ ಅಂಕವು ಹೆಚ್ಚೋ ಆ ವರ್ಗಕ್ಕೆ ವಸ್ತುವನ್ನು ಸೇರಿಸುವುದು ಅದರ ಮುಖ್ಯ ಕ್ರಮ. ವರ್ಗಗಳು ಮೂರಿರಲಿ ಮೂವತ್ತಿರಲಿ ನಿಯಮವು ಒಂದೇ. ಇಂದಿನ ಯಂತ್ರಗಳ ಅನೇಕ ವಿಧಾನಗಳ ಒಳಗೆ ಈ ಬೀಜವುಂಟು. ರಾವ್ ಅವರು ೨೦೨೩ರ ಆಗಸ್ಟಿನಲ್ಲಿ ೧೦೨ ವರ್ಷಗಳ ತುಂಬು ಬಾಳನ್ನು ಮುಗಿಸಿದರು.

ವಿಂಗಡಿಸಬೇಕಾದ ವಸ್ತುವು ಮನುಷ್ಯನೇ ಆದಾಗ ಒದಗುವ ಅನರ್ಥವನ್ನು ಇಲ್ಲಿ ಮರೆಯಲಾಗದು. ೧೯೦೧ರ ಜನಗಣತಿಯ ಅಧಿಕಾರಿಯಾಗಿದ್ದ ಹರ್ಬರ್ಟ್ ರಿಸ್ಲೀ ಅವರು ಮೂಗು ತಲೆಗಳ ಅಳತೆಯನ್ನು ನೆಮ್ಮಿ ಭಾರತದ ಜನರನ್ನು ಏಳು ಮಾದರಿಗಳಿಗೆ ಹಂಚಿದರು. ಇಂಡೋ ಆರ್ಯ, ದ್ರಾವಿಡವೆಂದು ಗುಡಿಗಳಿಗೆ ಇಟ್ಟಿದ್ದ ಹೆಸರುಗಳೇ ಜನಗಳಿಗೂ ಬಂದುವು. ಕೊಡಗರು ಮಹಾರಾಷ್ಟ್ರದ ಬ್ರಾಹ್ಮಣರೊಡನೆ ಶಕದ್ರಾವಿಡರೆಂಬ ಒಂದೇ ಮಾದರಿಗೆ ಸೇರಿದರು. ಆ ಮಾದರಿಗಳನ್ನು ಇಂದಿನ ಮಾನವಶಾಸ್ತ್ರವು ಒಪ್ಪುವುದಿಲ್ಲ. ಕಲ್ಲಿಗೆ ತಪ್ಪು ಹೆಸರನ್ನಿಟ್ಟರೆ ಕಲ್ಲು ನೋಯದು. ಮನುಷ್ಯನಿಗೆ ಇಟ್ಟ ಹೆಸರು ಅವನ ಮಕ್ಕಳ ಮೇಲೂ ಕೂಡುತ್ತದೆ.

ಇನ್ನು ಯಂತ್ರಕಲಿಕೆಯ ವಿಧಾನಗಳನ್ನು ನೋಡಬಹುದು. ಪಟ್ಟದಕಲ್ಲಿನ ಪಾಪನಾಥ ದೇವಾಲಯವನ್ನು ಅವುಗಳ ಮುಂದೆ ನಿಲ್ಲಿಸಿದರೆ ಪ್ರತಿಯೊಂದರ ಗುಣದೋಷಗಳು ತಾವಾಗಿಯೇ ಹೊರಬೀಳುತ್ತವೆ. ಅದರ ಗರ್ಭಗೃಹದ ಮೇಲೆ ಉತ್ತರದ ರೇಖಾಶಿಖರವಿದೆ. ಗೋಡೆಗಳ ಮೇಲಂಚಿನಲ್ಲಿ ದಕ್ಷಿಣದ ಕೂಟ ಶಾಲೆಗಳ ಸಾಲು ಓಡುತ್ತದೆ. ನಾಗರ, ದ್ರಾವಿಡ, ವೇಸರ, ಮೆಟ್ಟಿಲುಶಿಖರವೆಂದು ನಾಲ್ಕು ವರ್ಗಗಳಿವೆಯೆಂದಿಟ್ಟುಕೊಳ್ಳಬೇಕು. ಮೊದಲನೆಯ ವಿಧಾನವು ಒಂದನ್ನು ಉಳಿದವೆಲ್ಲವುಗಳ ಎದುರು ನಿಲ್ಲಿಸುವುದು. ಇದಕ್ಕೆ ನಾಲ್ವರು ಪರೀಕ್ಷಕರು ಸಾಕು. ಒಬ್ಬೊಬ್ಬನು ತನ್ನ ವರ್ಗವು ಹೌದೋ ಅಲ್ಲವೋ ಎಂದಷ್ಟೇ ಹೇಳುವನು. ಪಾಪನಾಥವು ಬಂದಾಗ ನಾಗರದವನೂ ದ್ರಾವಿಡದವನೂ ಒಟ್ಟಿಗೆ ಹೌದೆನ್ನಬಹುದು, ಅಥವಾ ನಾಲ್ವರೂ ಅಲ್ಲವೆನ್ನಬಹುದು. ಎರಡನೆಯ ವಿಧಾನವು ಇಬ್ಬಿಬ್ಬರನ್ನು ಕುಸ್ತಿಗೆ ಬಿಡುವುದು. ನಾಲ್ಕು ವರ್ಗಗಳಿಗೆ ಆರು ಕುಸ್ತಿಗಳಾಗುತ್ತವೆ; ಹತ್ತಕ್ಕೆ ನಲವತ್ತೈದು. ಹೆಚ್ಚು ಗೆದ್ದವನಿಗೆ ಜಯ. ಆದರೆ ಮೊದಲನೆಯವನು ಎರಡನೆಯವನನ್ನೂ, ಎರಡನೆಯವನು ಮೂರನೆಯವನನ್ನೂ, ಮೂರನೆಯವನು ಮೊದಲನೆಯವನನ್ನೂ ಕೆಡವಿದರೆ ಪಾರಿತೋಷಕವು ಯಾರಿಗೆ?

ಮೂರನೆಯದು ಪ್ರಶ್ನೆಗಳ ಮರ. ಬ್ರೈಮನ್ ಮತ್ತು ಅವರ ಸಂಗಡಿಗರು ೧೯೮೪ರಲ್ಲಿ ಇದನ್ನು ಶಾಸ್ತ್ರೀಯವಾಗಿ ವಿವರಿಸಿದರು. ಶಿಖರವು ಬಾಗಿದೆಯೇ ಎಂಬುದು ಬೇರಿನ ಪ್ರಶ್ನೆಯಾದರೆ ಪಾಪನಾಥವು ಕೂಡಲೆ ನಾಗರದ ಕೊಂಬೆಗೆ ಏರುತ್ತದೆ. ಅದರ ಗೋಡೆಗಳನ್ನು ಯಾರೂ ವಿಚಾರಿಸದೆ ಹೋಗಬಹುದು. ಮೊದಲ ಕವಲಿನಲ್ಲಿ ತಪ್ಪಿದವನು ಮುಂದೆ ಸರಿಹೋಗುವುದು ಕಷ್ಟ. ನಾಲ್ಕನೆಯದನ್ನು ೧೯೯೫ರಲ್ಲಿ ಡೀಟರಿಕ್ ಮತ್ತು ಬಕೀರಿ ಎಂಬವರು ವಿವರಿಸಿದರು. ಪ್ರತಿಯೊಂದು ವರ್ಗಕ್ಕೂ ಹೌದು ಅಲ್ಲಗಳ ಒಂದು ಮಾಲೆಯನ್ನು ಮುಂಚಿತವಾಗಿ ಕಟ್ಟಿಟ್ಟು, ಬಂದ ಉತ್ತರಗಳು ಯಾವ ಮಾಲೆಗೆ ಹತ್ತಿರವೋ ಅದನ್ನು ಆರಿಸುವುದು ಅದರ ಕ್ರಮ. ಒಂದೆರಡು ಉತ್ತರಗಳು ತಪ್ಪಿದರೂ ತೀರ್ಪು ಕೆಡದು. ಐದನೆಯ ವಿಧಾನವು ಎಲ್ಲ ಲಕ್ಷಣಗಳನ್ನೂ ತೂಗಿ ರೂಪಾಯಿಯನ್ನು ಹಂಚಿದಂತೆ ಪಾಲುಗಳನ್ನು ಹೇಳುವುದು. ಪಾಪನಾಥಕ್ಕೆ ನಾಗರದಲ್ಲಿ ಇಷ್ಟಾಣೆ, ದ್ರಾವಿಡದಲ್ಲಿ ಇಷ್ಟಾಣೆ ಎಂದು ಉತ್ತರ ಬರುತ್ತದೆ. ಇದು ಹೆಚ್ಚು ಪ್ರಾಮಾಣಿಕವಾಗಿ ತೋರುವುದು ನಿಜ. ಆದರೆ ಪಾಲುಗಳೆಲ್ಲ ಕೂಡಿ ಹದಿನಾರಾಣೆ ಆಗಲೇಬೇಕೆಂಬ ಕಟ್ಟಿರುವುದರಿಂದ, ಗುಡಿಯೇ ಅಲ್ಲದ ಕಣಜವೊಂದನ್ನು ಮುಂದಿಟ್ಟರೂ ಈ ಯಂತ್ರವು ಅದಕ್ಕೊಂದು ಶೈಲಿಯನ್ನು ಹೇಳಿಯೇ ತೀರುತ್ತದೆ.

ಆದುದರಿಂದ ಎಲ್ಲ ವಿಧಾನಗಳಿಗೂ ಒಂದು ಅಂಗವು ಅವಶ್ಯವಾಗಿ ಬೇಕು. ಸಂಶಯವಿದ್ದಲ್ಲಿ ತೀರ್ಪು ಕೊಡದೆ ಉಳಿಯುವ ಅಧಿಕಾರ. ತಪ್ಪು ತೀರ್ಪಿನ ನಷ್ಟವನ್ನೂ ತೀರ್ಪು ಕೊಡದಿರುವುದರ ನಷ್ಟವನ್ನೂ ಹೇಗೆ ತೂಗಬೇಕೆಂಬುದನ್ನು ಚೌ ಎಂಬ ವಿದ್ವಾಂಸರು ೧೯೭೦ರಲ್ಲಿ ಗಣಿತದಿಂದ ತೋರಿಸಿದರು. ವೈದ್ಯದಲ್ಲಿ ಇದರ ಬೆಲೆಯು ಪ್ರಾಣದ ಬೆಲೆ. ಮಕ್ಕಳಿಗೆ ಬರುವ ನಾಲ್ಕು ಬಗೆಯ ಗಡ್ಡೆಗಳು ಸೂಕ್ಷ್ಮದರ್ಶಕದಲ್ಲಿ ಒಂದೇ ತೆರನಾದ ಚಿಕ್ಕ ದುಂಡು ಕಣಗಳಾಗಿ ಕಾಣುತ್ತವೆ; ಚಿಕಿತ್ಸೆಗಳೋ ಬೇರೆ ಬೇರೆ. ೨೦೦೧ರಲ್ಲಿ ಜಾವೇದ್ ಖಾನ್ ಮತ್ತು ಅವರ ಸಂಗಡಿಗರು ೬೩ ಮಾದರಿಗಳಿಂದ ಯಂತ್ರಕ್ಕೆ ಕಲಿಸಿ, ೯೬ ಜೀನುಗಳ ವ್ಯಾಪಾರವನ್ನು ನೋಡಿ ಈ ನಾಲ್ಕನ್ನು ಬೇರ್ಪಡಿಸುವುದನ್ನು ತೋರಿಸಿದರು. ಪರೀಕ್ಷೆಗೆಂದು ಇಟ್ಟ ೨೫ ಮಾದರಿಗಳಲ್ಲಿ ಐದು ಈ ನಾಲ್ಕಕ್ಕೂ ಸೇರದವಾಗಿದ್ದವು. ಆ ಐದನ್ನೂ ಅವರ ಕ್ರಮವು ಯಾವ ವರ್ಗಕ್ಕೂ ಸೇರಿಸದೆ ಹೊರಗಿರಿಸಿತು. ಉಳಿದವನ್ನು ಸರಿಯಾಗಿ ಗುರುತಿಸಿದುದಕ್ಕಿಂತ ಈ ಮೌನವು ಕಡಿಮೆಯ ಸಾಧನೆಯಲ್ಲ.

ಹೆಸರಿಡುವ ಮತ್ತೊಂದು ಬಗೆಯು ಇಳಕಲ್ಲಿನ ಮಗ್ಗಗಳಲ್ಲಿ ಬಹುಕಾಲದಿಂದ ನಡೆದು ಬಂದಿದೆ. ಅಲ್ಲಿನ ಸೀರೆಗೆ ಒಂದೇ ವರ್ಗದ ಹೆಸರು ಸಾಲದು. ಒಡಲು ಹತ್ತಿಯದೋ ರೇಶಿಮೆಯದೋ ಎಂಬುದು ಒಂದು ಮಾತು. ದಡಿಯು ಚಿಕ್ಕಿಪರಾಸವೋ ಗೋಮಿಯೋ ಎಂಬುದು ಇನ್ನೊಂದು. ಸೆರಗು ತೋಪುತೆನೆಯೋ ಅಲ್ಲವೋ ಎಂಬುದು ಮತ್ತೊಂದು. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆ ಸಿದ್ಧಗೊಳಿಸಿ, ಎಳೆಗೆ ಎಳೆಯನ್ನು ಕೊಂಡಿಯಿಂದ ಕೂಡಿಸುವ ನೇಕಾರನಿಗೆ, ಒಂದು ವಸ್ತುವಿನ ಭಾಗಗಳು ಬೇರೆ ಬೇರೆ ವರ್ಗಗಳಿಗೆ ಸೇರಬಹುದೆಂಬುದು ಕೈಯ ಅನುಭವ. ಪಾಪನಾಥವನ್ನೂ ಹೀಗೆಯೇ ಹೇಳಬಹುದು. ಶಿಖರದಲ್ಲಿ ನಾಗರ, ಗೋಡೆಯಂಚಿನಲ್ಲಿ ದ್ರಾವಿಡ. ಐಹೊಳೆಯ ದುರ್ಗದ ಗುಡಿಯನ್ನೂ ಹೀಗೆಯೇ ಹೇಳಬಹುದು. ತಳವಿನ್ಯಾಸದಲ್ಲಿ ಹಿಂಬದಿಯು ಅರ್ಧವೃತ್ತ, ಉಳಿದಿರುವ ಶಿಖರದಲ್ಲಿ ನಾಗರ. ಹಾಗೆ ಹೇಳಿದಾಗ ಏನೂ ಮುಚ್ಚಿಹೋಗುವುದಿಲ್ಲ.

೧೯೮೭ರಲ್ಲಿ ಪಟ್ಟದಕಲ್ಲು ಜಗತ್ತಿನ ಪರಂಪರೆಯ ತಾಣಗಳ ಪಟ್ಟಿಗೆ ಸೇರಿತು. ಉತ್ತರ ದಕ್ಷಿಣಗಳ ರೀತಿಗಳು ಅಲ್ಲಿ ಒಂದೆಡೆ ಸೇರಿರುವುದೇ ಅದರ ಹಿರಿಮೆಯೆನಿಸಿತು. ವಿಂಗಡಣೆಗಾರರಿಗೆ ಯಾವುದು ತೊಡಕಾಗಿತ್ತೋ ಅದೇ ಆ ಊರಿಗೆ ಭೂಷಣವಾಯಿತು. ವರ್ಗಗಳಿಲ್ಲದೆ ವಿದ್ಯೆಯು ನಡೆಯದು. ಭೇದವನ್ನು ಅರಿಯದವನು ಬೆರಕೆಯನ್ನೂ ಅರಿಯಲಾರನು. ಆದರೆ ಗುಡಿಗಳು ಮೊದಲು, ಹೆಸರುಗಳು ಅನಂತರ. ಒಂದು ಲಕ್ಷಣವನ್ನಲ್ಲದೆ ಹಲವನ್ನು ತೂಗುವುದು, ಭಾಗವನ್ನು ಭಾಗವಾಗಿ ಹೇಳುವುದು, ತಿಳಿಯದಲ್ಲಿ ತಡೆದು ನಿಲ್ಲುವುದು, ಈ ಮೂರನ್ನು ಬಿಟ್ಟ ವಿಂಗಡಣೆಯನ್ನು ಮನುಷ್ಯನು ಮಾಡಿದರೂ ಯಂತ್ರವು ಮಾಡಿದರೂ ಪಾಪನಾಥದ ಬಾಗಿಲಲ್ಲಿ ಅದು ಸೋಲದೆ ಇರದು.